ಮರದ ಬುಡಕ್ಕೆ ಹಿಪ್ಪಲಿ ಸಾಕು

ಮಾನ್ಯರೇ,

ಕಳೆದ ಭಾನುವಾರದ ತೋಟದ ಪುಟದಲ್ಲಿ, ನೆರಳಿರುವ ಕಡೆ ನೆಲ ಮುಚ್ಚಲು ವೆಡೇಲಿಯಾ (ಹಳದಿ ಹೂವಿನ, ನೆಲದ ಮೇಲೆ ಹಬ್ಬುವ ಗಿಡ) ನೆಡಿ ಎಂದು ಬರೆದಿದ್ದೀರಿ. ಓದಿ ನನಗೆ ಹಳೆಯ ಸೊಂಟನೋವು ನೆನಪಾಯಿತು. ಆರು ವರ್ಷದ ಹಿಂದೆ ಇಂಥದೇ ಮಾತು ಕೇಳಿ ಮಾವಿನ ಮರದ ಕೆಳಗೆ ಅದನ್ನು ನೆಟ್ಟವಳು ನಾನು. ನೆರಳಿಗೆ ಹೂವು ಸರಿಯಾಗಿ ಬಿಡಲಿಲ್ಲ. ಹಬ್ಬುವುದನ್ನು ಮಾತ್ರ ಬಿಡಲಿಲ್ಲ. ಗೆಣ್ಣು ತಾಗಿದಲ್ಲೆಲ್ಲ ಬೇರು. ಕಿತ್ತು ಮೂಲೆಗೆ ಎಸೆದ ರಾಶಿಯೂ ಚಿಗುರಿತು! ಪೂರ್ತಿ ತೆಗೆಯಲು ಎರಡು ಮಳೆಗಾಲ ಹಿಡಿಯಿತು. ಮಧ್ಯ, ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಈ ಗಿಡ, ಹೊರಗಿನಿಂದ ಬಂದು ನೆಲ ಆಕ್ರಮಿಸುವ ಜೀವಿಗಳಲ್ಲಿ ಅತಿ ಕೆಟ್ಟ 100ರ ಜಾಗತಿಕ ಪಟ್ಟಿಯಲ್ಲಿದೆ. ಅದನ್ನೂ ಒಂದು ಸಾಲು ಬರೆಯಬಹುದಿತ್ತು, ಅಲ್ವಾ?

ಈಗ ಅದೇ ಜಾಗದಲ್ಲಿ ಹಿಪ್ಪಲಿ ಇದೆ. ನಮ್ಮ ನೆಲದ್ದೇ ಗಿಡ. ವೀಳ್ಯದೆಲೆ, ಕರಿಮೆಣಸಿನ ಬಳಗ. ಬುಡದ ಎಲೆ ವೀಳ್ಯದೆಲೆಯ ಹಾಗೆ ಅಗಲ, ತೊಟ್ಟು ಉದ್ದ. ಮೇಲಿನ ಎಲೆಗಳಿಗೆ ತೊಟ್ಟೇ ಇಲ್ಲ, ಕಾಂಡಕ್ಕೆ ಅಂಟಿಕೊಂಡಿರುತ್ತವೆ. ಒಂದೇ ಗಿಡವಾ ಇದು ಅಂತ ಮೊದಲು ನನಗೇ ಅನುಮಾನ ಬಂದಿತ್ತು. ಇದೂ ಗೆಣ್ಣಿಗೆ ಬೇರು ಬಿಡುತ್ತದೆ ನಿಜ. ಆದರೆ ನೆರಳು ದಾಟಿ ಬಿಸಿಲಿಗೆ ಹೋದ ಕುಡಿ ನನ್ನಲ್ಲಿ ತಾನಾಗಿ ಬಾಡಿತು.

ನೆಡುವುದು ಸುಲಭ. ಮಳೆ ಶುರುವಾದಾಗ ಮೂರು ನಾಲ್ಕು ಗೆಣ್ಣಿರುವ ಕಡ್ಡಿ, ಎರಡೆರಡು ಅಡಿ ದೂರಕ್ಕೆ. ನಾನು ಮೊದಲ ಸಲ ಮರದ ಪಾತಿಯೊಳಗೇ ಚುಚ್ಚಿದೆ. ನೀರು ನಿಂತು ಎಲ್ಲ ಕೊಳೆಯಿತು. ಮರು ವರ್ಷ ಮಣ್ಣು ಏರಿಸಿ, ಒಣ ಸಗಣಿ ಗೊಬ್ಬರ ಹಾಕಿ ನೆಟ್ಟೆ. ಉದುರಿದ ಮಾವಿನೆಲೆಯನ್ನು ಗುಡಿಸದೆ ಹಾಗೇ ಬಿಟ್ಟೆ. ಬೇಸಿಗೆಯಲ್ಲಿ ನೀರು ತಪ್ಪಿಸಬಾರದು, ಅಷ್ಟೇ. ಈಗ ವರ್ಷವಿಡೀ ಹಸಿರು, ಕಳೆ ತೆಗೆಯುವ ಕೆಲಸ ಜಾಸ್ತಿ ಇಲ್ಲ.

ಒಂದು ಪೇಚು ಹೇಳಲೇಬೇಕು. ಹಿಪ್ಪಲಿಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಗೆಳತಿ ಕೊಟ್ಟ ಕಡ್ಡಿಗಳೆಲ್ಲ ಗಂಡು! ಸಣಕಲು ಉದ್ದ ತೆನೆ ಬರುತ್ತದೆ, ಕಾಯಿಲ್ಲ. ನೆಲ ಮುಚ್ಚಲು ಅದೇನೂ ಅಡ್ಡಿಯಲ್ಲ ಬಿಡಿ. ಆದರೆ ಕೆಮ್ಮಿಗೆ ಕಷಾಯ ಮಾಡುವಾಗ ಮಾತ್ರ, ಅಂಗಳದಲ್ಲಿ ಗಿಡ ಇಟ್ಟುಕೊಂಡು ಹಿಪ್ಪಲಿಯನ್ನು ಅಂಗಡಿಯಿಂದ ತರುತ್ತೇನೆ. ತೋಟದ ಪುಟದಲ್ಲಿ ಮುಂದೆ ಯಾವಾಗಲಾದರೂ ಹಿಪ್ಪಲಿಯ ಬಗ್ಗೆ ಬರೆದರೆ, ಕಡ್ಡಿ ತರುವಾಗ ದುಂಡು ಗಿಡ್ಡ ತೆನೆ ಇರುವ ಬಳ್ಳಿ ನೋಡಿ ತನ್ನಿ ಎಂದು ದಯವಿಟ್ಟು ಸೇರಿಸಿ.

– ಒಬ್ಬ ಓದುಗಿ