ಗಾಳದ ಸ್ಪರ್ಧೆಗೆ ತಕ್ಕಡಿ ಯಾಕೆ?

ಸಂಪಾದಕರಿಗೆ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಗಾಳ ಸ್ಪರ್ಧೆಯ ಫೋಟೋ ನೋಡಿದೆ. ಗೆದ್ದವರ ಕೈಯಲ್ಲಿ ದೊಡ್ಡದೊಂದು ಮುರು ಮೀನು. ಕೆಳಗೆ ಟಾರ್ಪಾಲಿನ ಮೇಲೆ ಅಂಗೈಯುದ್ದದ ಮರಿಗಳ ರಾಶಿ. ಯಾರನ್ನೂ ದೂರಲು ಬರೆಯುತ್ತಿಲ್ಲ. ನಾನೂ ಹತ್ತನೇ ವಯಸ್ಸಿನಿಂದ ನಮ್ಮ ಕುಂದಾಪುರದ ಕೋಡಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಗಾಳ ಹಾಕಿದವನೇ. ಆದರೆ ಈ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಬೋಟಿನಲ್ಲಿ ಹೋಗಿ ಸೈಲ್‌ಫಿಶ್ ಎಂಬ ಮೀನು ಹಿಡಿಯುವ ಒಂದು ಸ್ಪರ್ಧೆಗೆ ಇಳಿದಿದ್ದೆ. ಅಲ್ಲಿ ತಕ್ಕಡಿಯೇ ಇರಲಿಲ್ಲ. ಆ ಕತೆ ಹೇಳಬೇಕು ಅನ್ನಿಸಿತು.

ಮಗ ಪಾಮ್ ಬೀಚ್ ಹತ್ತಿರ ಕೆಲಸದಲ್ಲಿದ್ದಾನೆ. ಅವನ ಆಫೀಸಿನವರೊಬ್ಬರ ಬೋಟಿಗೆ ಒಂದು ಜನ ಕಮ್ಮಿ ಬಿತ್ತು. "ಅಪ್ಪ, ನೀವು ಬರ್ತೀರಾ?" ಅಂದ. ಮೀನಿನ ವಿಷಯದಲ್ಲಿ ನಾನು ಬೇಡ ಅಂದದ್ದು ಯಾವಾಗ? ಹೊರಗಿನವರು ಅಲ್ಲಿ ಕಡಲಿನಲ್ಲಿ ಗಾಳ ಹಾಕಬೇಕಾದರೆ ಲೈಸೆನ್ಸ್ ಬೇಕು. ಮೂರು ದಿನದ್ದಕ್ಕೆ 17 ಡಾಲರ್. ಮಗನೇ ಮೊಬೈಲಿನಲ್ಲಿ ಮಾಡಿಸಿಕೊಟ್ಟ.

ಬೆಳಗಾಗುವ ಮೊದಲೇ ಹೊರಟೆವು. ಹಿಂದಿನ ದಿನವಷ್ಟೇ ಶೀತಗಾಳಿ ಶುರುವಾಗಿತ್ತು. ಸ್ವೆಟರಿನ ಮೇಲೆ ಮಗನ ಜಾಕೆಟ್, ಕಿವಿಗೆ ಊರಿನಿಂದ ಒಯ್ದ ಮಫ್ಲರ್. ನಮ್ಮ ಕಡಲಲ್ಲಿ ಸೂರ್ಯ ಮುಳುಗುವುದನ್ನೇ ನೋಡಿ ಬೆಳೆದವನಿಗೆ, ಅವನು ಕಡಲಿನಿಂದ ಮೇಲೇಳುವುದನ್ನು ನೋಡಿ ದಿಕ್ಕೇ ತಪ್ಪಿದ ಹಾಗಾಯಿತು. ಬೋಟಿನವರಿಗೆ ಮಾತ್ರ ಚಳಿಯೆಂದರೆ ಖುಷಿ. ಚಳಿ ಜಾಸ್ತಿಯಾದ ಹಾಗೆ ಸೈಲ್‌ಫಿಶ್ ಬಡಗಿನಿಂದ ಇಳಿದು ಬರುತ್ತವೆ. ಬೆನ್ನಿನ ಮೇಲೆ ಹಾಯಿಯಂಥ ರೆಕ್ಕೆ, ಮುಂದೆ ಈಟಿಯಂಥ ಮೂತಿ. ಈ ಜಾತಿಯದು ನಮ್ಮ ಮಲ್ಪೆ ಬಂದರಿಗೂ ಬರುತ್ತದೆ, ತುಂಡು ಮಾಡಿ ಮಾರುತ್ತಾರೆ.

ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚಗಿನ ಹರಿವು ಅಲ್ಲಿ ದಡಕ್ಕೆ ತೀರ ಹತ್ತಿರ. ನೀರು ಬಡಗಿಗೆ ಹರಿಯುತ್ತದೆ, ಚಳಿಗಾಲದ ಗಾಳಿ ಬಡಗಿನಿಂದ ಬೀಸುತ್ತದೆ. ಎರಡೂ ಗುದ್ದಾಡಿದರೆ ಏಳುವ ತೆರೆಗೆ ಇಳಿಜಾರೇ ಇಲ್ಲ, ಗೋಡೆಯ ಹಾಗೆ ನಿಲ್ಲುತ್ತದೆ. ಸೊಸೆ ಕಟ್ಟಿಕೊಟ್ಟಿದ್ದ ಇಡ್ಲಿ ನನ್ನ ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಕಡಲ ತಡಿಯವನು ಅಂತ ಜಂಬ ಕೊಚ್ಚಿದ್ದೆ ಬೇರೆ.

ಮೀನು ಹಿಡಿಯಲು ಗಾಳಿಪಟ ಹಾರಿಸುವುದನ್ನು ಅಲ್ಲೇ ಮೊದಲು ನೋಡಿದ್ದು. ಪಟದ ದಾರದಲ್ಲಿ ಕ್ಲಿಪ್ಪುಗಳಿರುತ್ತವೆ. ಗಾಳದ ತಂಗೂಸಿ ದಾರವನ್ನು ಅದಕ್ಕೆ ಸಿಕ್ಕಿಸಿ, ಜೀವಂತ ಮೀನೊಂದನ್ನು ನೀರಿನ ಮೇಲ್ಮೈಯಲ್ಲೇ ಒದ್ದಾಡುವಂತೆ ತೂಗಿಬಿಡುತ್ತಾರೆ. ದೊಡ್ಡ ಕಣ್ಣಿನ ಆ ಸಣ್ಣ ಮೀನು ನಮ್ಮ ಬಂಗುಡೆಯ ದೂರದ ನೆಂಟನ ಹಾಗಿತ್ತು. ತಂಗೂಸಿ ನೀರಿಗೆ ಬೀಳುವುದೇ ಇಲ್ಲ. ಹಾಗಾಗಿ ದೊಡ್ಡ ಮೀನಿಗೆ ಅನುಮಾನವೂ ಇಲ್ಲ.

ಹತ್ತು ಗಂಟೆ ದಾಟಿತ್ತು. ಪಟದ ಕೆಳಗೆ ನೀರು ಸೀಳಿತು, ಕ್ಲಿಪ್ಪು ಟಪ್ ಅಂತ ಬಿಟ್ಟುಕೊಂಡಿತು. ರಾಡ್ ನನ್ನ ಕೈಗೆ ಬಂತು. ಐವತ್ತು ವರ್ಷದ ಅಭ್ಯಾಸ ನೋಡಿ, ಮೀನು ಕಚ್ಚಿದ್ದೇ ತಡ ಬಲವಾಗಿ ಜಗ್ಗಿದೆ. ಖಾಲಿ! ಬೋಟಿನ ಯಜಮಾನರು ತಲೆ ಮೇಲೆ ಕೈ ಹೊತ್ತರು. ಬೆಳಗ್ಗೆಯಿಂದ ಅವರು "ಜಗ್ಗಬೇಡಿ, ಸುಮ್ನೆ ಸುತ್ತಿ" ಅಂತ ಮೂರು ಸಲ ಹೇಳಿದ್ದರು.

ಅವರ ಗಾಳದ ಮೊನೆ ನಮ್ಮದರ ಹಾಗೆ ನೇರ ಮೇಲಕ್ಕೆ ನಿಲ್ಲುವುದಿಲ್ಲ. ಬಳೆಯ ಹಾಗೆ ಒಳಕ್ಕೆ ಬಾಗಿರುತ್ತದೆ. ಸರ್ಕಲ್ ಹುಕ್ ಅನ್ನುತ್ತಾರೆ. ಮೀನು ಅದನ್ನು ನುಂಗಿದರೂ ಹೊಟ್ಟೆಗೆ ಸಿಕ್ಕಿಕೊಳ್ಳುವುದು ಕಮ್ಮಿ. ಮೀನು ತಿರುಗಿ ಓಡುವಾಗ ಜಾರಿ ಬಂದು ಬಾಯಿಯ ಮೂಲೆಗೆ ತಾನೇ ಕೂರುತ್ತದೆ. ಜಗ್ಗಿದರೆ ಕೂರುವ ಮೊದಲೇ ಹೊರಗೆ ಬರುತ್ತದೆ, ನನಗಾದ ಹಾಗೆ. ನಿಜವಾದ ಮೀನನ್ನೇ ಎರೆ ಮಾಡಿದರೆ, ಅಟ್ಲಾಂಟಿಕ್ ಕಡೆಯ ಇಂಥ ಸ್ಪರ್ಧೆಗಳಲ್ಲಿ ಈ ಗಾಳವನ್ನೇ ಕಟ್ಟಬೇಕು ಅಂತ 2008ರಿಂದ ಕಾನೂನೇ ಇದೆ.

ಮಧ್ಯಾಹ್ನ ಇನ್ನೊಂದು ಕಚ್ಚಿತು. ಈ ಸಲ ಹಲ್ಲು ಕಚ್ಚಿಕೊಂಡು ಸುತ್ತಿದೆ. ಇಪ್ಪತ್ತು ನಿಮಿಷ ಅದು ನನ್ನನ್ನು ಆಡಿಸಿತು. ಆರೇಳು ಸಲ ಪೂರ್ತಿ ಮೈ ನೀರಿನಿಂದ ಹೊರಗೆ ಹಾರಿತು. ಹತ್ತಿರ ಬಂದಾಗ ನೋಡಿದೆ, ಪಕ್ಕೆಯಲ್ಲಿ ನೇರಳೆ ಬಣ್ಣದ ಪಟ್ಟೆಗಳು ಮಿಂಚಿ ಮಿಂಚಿ ಆರುತ್ತಿದ್ದವು. ಬಲೆಯಲ್ಲಿ ಸತ್ತು ಬಂದ ಮೀನಿನಲ್ಲಿ ಆ ಬಣ್ಣ ನಾನು ಯಾವತ್ತೂ ಕಂಡಿಲ್ಲ. ಎತ್ತಿಕೊಂಡು ಒಂದು ಫೋಟೋ ಅಂದೆ. ಇಲ್ಲ. ಬಿಡುವ ಸೈಲ್‌ಫಿಶ್ಶನ್ನು ನೀರಿನಿಂದ ಎತ್ತುವಂತಿಲ್ಲ. ಜೊತೆಯವರು ಮೂತಿ ಹಿಡಿದು, ಬೋಟ್ ನಿಧಾನ ಮುಂದೆ ಸಾಗುವಾಗ ಅದರ ಬಾಯಿಗೆ ನೀರು ಹೋಗುವಂತೆ ಮಾಡಿ, ಚೇತರಿಸಿಕೊಂಡ ಮೇಲೆ ಬಿಟ್ಟರು. ವೈರ್‌ಲೆಸ್ಸಿನಲ್ಲಿ ಬೋಟಿನ ಹೆಸರು, ಸಮಯ ಕೂಗಿದರು. ಹಿಡಿದು ಬಿಟ್ಟ ಮೀನಿಗೆ ಒಂದು ಅಂಕ, ಅಷ್ಟೇ.

ಸುಳ್ಳು ಹೇಳಿದರೆ ಅಂತ ಕೇಳಿದೆ. ವಿಡಿಯೋ ಕೊಡಬೇಕು. ಗೆದ್ದವರನ್ನು ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸುವ ಸ್ಪರ್ಧೆಗಳೂ ಇವೆಯಂತೆ! ನಮಗೆ ಆ ಭಯ ಇರಲಿಲ್ಲ. ಇಡೀ ದಿನಕ್ಕೆ ಮೂರೇ ಮೀನು, ಪಟ್ಟಿಯ ತಳದಲ್ಲೆಲ್ಲೋ ಇದ್ದೆವು.

ಇದು ಅವರಿಗೆ ಹುಟ್ಟುತ್ತಲೇ ಬಂದ ಬುದ್ಧಿಯೇನೂ ಅಲ್ಲ. ಅವರೂ ಒಂದು ಕಾಲಕ್ಕೆ ರಾಶಿ ಹಾಕಿ ಫೋಟೋ ತೆಗೆಸಿಕೊಂಡವರೇ. ಅಲ್ಲೇ ಬಡಗಿಗೆ ಸ್ಟುವರ್ಟ್ ಅಂತ ಊರು. ಅಲ್ಲಿನ ಸೈಲ್‌ಫಿಶ್ ಕ್ಲಬ್ 1941ರದ್ದು. ಮೀನು ಬಿಟ್ಟುಬಂದವರಿಗೆ ಕೋಟಿಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ ಕೊಟ್ಟು ರೂಢಿ ಮಾಡಿಸಿದರಂತೆ.

ನಮ್ಮಲ್ಲಿ ಇದೆಲ್ಲ ನಡೆಯುತ್ತದಾ ಅಂತ ಕೇಳುವವರಿದ್ದಾರೆ. ನನ್ನ ಹೆಂಡತಿಯೇ ಫೋನಿನಲ್ಲಿ ಕೇಳಿದಳು: "ಅಷ್ಟ್ ದೂರ ಹೋಯಿ, ಹಿಡ್ದ್ ಮೀನ್ ಬಿಟ್ಟಿಕ್ ಬಂದ್ರ್ಯಾ?" ನಾವು ಮೀನು ತಿನ್ನುವವರು, ಸರಿ. ಹೊಟ್ಟೆಪಾಡಿಗೆ ಕಡಲಿಗೆ ಹೋಗುವವರಿಗೆ ನಾನು ಏನೂ ಹೇಳುತ್ತಿಲ್ಲ. ನನ್ನ ಮಾತು ಭಾನುವಾರದ ಸ್ಪರ್ಧೆಗೆ ಮಾತ್ರ. ಒಟ್ಟು ತೂಕಕ್ಕೆ ಬಹುಮಾನ ಇಟ್ಟರೆ ಬೆರಳುದ್ದದ ಕಾಣೆಯೂ ಚೀಲಕ್ಕೆ ಬೀಳುತ್ತದೆ, ಮೊಟ್ಟೆ ತುಂಬಿದ್ದೂ ಬೀಳುತ್ತದೆ. ಅದರ ಬದಲು ಒದ್ದೆ ಹಲಗೆಯ ಮೇಲೆ ಅಳತೆಪಟ್ಟಿ ಅಂಟಿಸಿ, ಮೀನು ಮಲಗಿಸಿ, ಒಂದು ಫೋಟೋ ತೆಗೆದು ಬಿಡಲಿ. ಉದ್ದಕ್ಕೆ ಅಂಕ ಕೊಡಲಿ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅಲ್ವಾ? ತೀರ ಆಳದಿಂದ ಎಳೆದ ಮೀನಿಗೆ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬುತ್ತದೆ, ಬಿಟ್ಟರೂ ಬದುಕುವುದು ಕಷ್ಟ. ಅಳಿವೆಯ ತೆಳುನೀರಿನಲ್ಲಿ ಆ ತೊಂದರೆ ಇಲ್ಲ.

ಬರುವಾಗ ಬಳೆಗಾಳದ ಒಂದು ಸಣ್ಣ ಪ್ಯಾಕೆಟ್ ತಂದೆ. ಕೋಡಿಯಲ್ಲಿ ಚಟ್ಲಿ (ಸಿಗಡಿ) ಸಿಕ್ಕಿಸಿ ನಾಲ್ಕು ಸಂಜೆ ಹಾಕಿದೆ. ಒಂಬತ್ತು ಮೀನು ಸಿಕ್ಕಿದವು. ಎಂಟಕ್ಕೆ ಬಾಯಿಯ ಮೂಲೆಯಲ್ಲೇ ಕೂತಿತ್ತು, ಬೆರಳಿನಲ್ಲೇ ಬಿಡಿಸಿದೆ. ಎಷ್ಟು ಕಚ್ಚಿ ತಪ್ಪಿಸಿಕೊಂಡವು ಅಂತ ಕೇಳಬೇಡಿ, ನನ್ನ ಕೈ ಇನ್ನೂ ಜಗ್ಗುತ್ತದೆ. ಮುಂದಿನ ಸ್ಪರ್ಧೆ ನಡೆಸುವವರು ಯಾರೇ ಇರಲಿ, ನೋಡಬೇಕು ಅನ್ನಿಸಿದರೆ ಸಂಜೆ ಅಳಿವೆ ಬಾಯಿಗೆ ಬರಲಿ. ಗಾಳ ನಾನು ಕೊಡುತ್ತೇನೆ, ಚಟ್ಲಿ ಅವರೇ ತರಲಿ.

— ನಿವೃತ್ತ ಬ್ಯಾಂಕ್ ನೌಕರ, ಕುಂದಾಪುರ