ಪುಸ್ತಕ ವಿಮರ್ಶಕರಿಗೆ ಪತ್ರಿಕೆಯಲ್ಲಿ ಖಾಯಂ ಜಾಗವಿರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯ ‘ಸಾದರ ಸ್ವೀಕಾರ’ದಲ್ಲಿ ಹನ್ನೊಂದು ಪುಸ್ತಕಗಳ ಪುಟಸಂಖ್ಯೆ, ಬೆಲೆ, ಪ್ರಕಾಶಕರ ವಿಳಾಸ ಮತ್ತು ತಲಾ ಮೂರು ಸಾಲುಗಳ ಪರಿಚಯ ಬಂದಿದೆ. ಅವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಮಾತ್ರ ತಿಳಿಯಲಿಲ್ಲ. ಬೆಂಗಳೂರಿನ ಓದುಗರು ಅಂಗಡಿಯಲ್ಲಿ ನಿಂತು ನಾಲ್ಕು ಪುಟ ತಿರುವಿ ನೋಡಿಯಾರು. ಸೋಮವಾರಪೇಟೆಯಿಂದಾಚೆ, ಕಾಫಿ ತೋಟಗಳ ನಡುವಿನ ಹಳ್ಳಿಯಲ್ಲಿದ್ದುಕೊಂಡು ಅಂಚೆಯಲ್ಲಿ ಪುಸ್ತಕ ತರಿಸುವ ನನ್ನಂಥವನು, ತನಗಿಂತ ಮೊದಲು ಅದನ್ನು ಓದಿದವರ ಮಾತನ್ನು ನಂಬಿಯೇ ಹಣ ಕಳಿಸಬೇಕಾಗುತ್ತದೆ.

ಹಾಗೆ ನಂಬಿ ಒಮ್ಮೆ ಮೋಸಹೋದೆ. ಎರಡು ವರ್ಷಗಳ ಹಿಂದೆ ಪತ್ರಿಕೆಯೊಂದರಲ್ಲಿ (ನಿಮ್ಮದರಲ್ಲಿ ಅಲ್ಲ) ಬಂದ ವಿಮರ್ಶೆಯನ್ನು ಓದಿ ಕಥಾಸಂಕಲನವೊಂದನ್ನು ತರಿಸಿದೆ. ಮುನ್ನುಡಿ ಓದತೊಡಗಿದಾಗ ಇದನ್ನೆಲ್ಲೋ ಓದಿದ್ದೇನಲ್ಲ ಎನ್ನಿಸಿ, ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಆ ಪುಟವನ್ನು ಹುಡುಕಿ, ಜಗಲಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದೆ. ಎರಡು ಪ್ಯಾರಾ ಮುನ್ನುಡಿಯದು, ಕೊನೆಯ ಪ್ಯಾರಾ ಬೆನ್ನುಡಿಯದು; ವಿಮರ್ಶಕರದೆಂದು ಉಳಿದದ್ದು ‘ಸಂಗ್ರಹಯೋಗ್ಯ ಕೃತಿ’ ಎಂಬ ಎರಡು ಪದ. ಅವರನ್ನು ಹೆಚ್ಚು ದೂರಲು ನನಗೆ ಮನಸ್ಸಿಲ್ಲ. ಸಂಭಾವನೆಯೆಂದರೆ ಆ ಪುಸ್ತಕದ ಪ್ರತಿಯೇ ಎಂಬ ಸ್ಥಿತಿಯಲ್ಲಿ, ಕಾಲೇಜಿನ ಪಾಠ ಮುಗಿಸಿ ಬಂದು ರಾತ್ರಿ ಬರೆಯುವವರಿಂದ ಎಷ್ಟನ್ನು ತಾನೇ ನಿರೀಕ್ಷಿಸಬಹುದು?

ಪುಸ್ತಕ ವಿಮರ್ಶೆಯನ್ನೇ ಪೂರ್ಣಾವಧಿಯ ಉದ್ಯೋಗವಾಗಿಸಿದಾಗ ಏನಾಗುತ್ತದೆ ಎಂಬುದಕ್ಕೆ ‘ದಿ ನ್ಯೂಯಾರ್ಕ್ ಟೈಮ್ಸ್’ನ ಮಿಚಿಕೊ ಕಾಕುತಾನಿ ಅವರ ವೃತ್ತಿಜೀವನವನ್ನು ನೋಡಬೇಕು. 1979ರಲ್ಲಿ ವರದಿಗಾರ್ತಿಯಾಗಿ ಆ ಪತ್ರಿಕೆಗೆ ಸೇರಿದ ಅವರು 1983ರಲ್ಲಿ ಪುಸ್ತಕ ವಿಮರ್ಶಕಿಯಾದರು, 1998ರಲ್ಲಿ ವಿಮರ್ಶೆಗಾಗಿ ಪುಲಿಟ್ಜರ್ ಪ್ರಶಸ್ತಿ ಪಡೆದರು, 2017ರಲ್ಲಿ ನಿವೃತ್ತರಾದರು. ಮೂವತ್ತನಾಲ್ಕು ವರ್ಷ ಒಂದೇ ಪತ್ರಿಕೆಯಲ್ಲಿ ಒಂದೇ ಹೆಸರು. ಜೇಡಿ ಸ್ಮಿತ್ ಅವರ ಚೊಚ್ಚಲ ಕಾದಂಬರಿಯನ್ನು 2000ದಲ್ಲಿ ಮೆಚ್ಚಿ ಬರೆದ ಅದೇ ಲೇಖನಿ ಹೆಸರಾಂತರ ಸಡಿಲ ಬರವಣಿಗೆಯನ್ನೂ ಬಿಡಲಿಲ್ಲ. ನಾರ್ಮನ್ ಮೇಲರ್, ಜೊನಾಥನ್ ಫ್ರಾನ್ಜೆನ್ ಅವರಂಥವರು ಬಹಿರಂಗವಾಗಿಯೇ ಅವರ ಮೇಲೆ ಹರಿಹಾಯ್ದರು. ಆದರೂ ಪತ್ರಿಕೆ ಅವರನ್ನು ಕದಲಿಸಲಿಲ್ಲ. ಅವರಾದರೂ ಸಂದರ್ಶನ, ಸಮಾರಂಭಗಳಿಂದ ದೂರವೇ ಉಳಿದರು. ಕಾದಂಬರಿಯ, ಸಿನಿಮಾದ ಪಾತ್ರಗಳ ದನಿಯಲ್ಲಿ ಅವರು ಬರೆದ ಕೆಲವು ವಿಮರ್ಶೆಗಳು ನನಗೆ ಚೇಷ್ಟೆಯಾಗಿ ಕಂಡಿದ್ದುಂಟು. ಆದರೆ ಮಾತು ಅದಲ್ಲ. ವಿಮರ್ಶಕರು ಒಬ್ಬರೇ ಆಗಿದ್ದು, ಅವರ ಒಲವು–ಹಟಗಳು ಓದುಗನಿಗೆ ಪರಿಚಿತವಾಗಿದ್ದರೆ, ಅವರು ತೆಗಳಿದ ಪುಸ್ತಕವನ್ನೂ ‘ಇದು ನನಗೆ ಹಿಡಿಸೀತು’ ಎಂದು ಧೈರ್ಯವಾಗಿ ತರಿಸಬಹುದು. ವಾರಕ್ಕೊಬ್ಬರು ಬರೆದರೆ ಆ ಅನುಕೂಲವಿಲ್ಲ.

ನಮ್ಮ ಜಿಲ್ಲೆಯ ಮಾತಿಗೇ ಬರುವುದಾದರೆ, ಬಾನು ಮುಷ್ತಾಕ್ ಅವರ ಕಥೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದು, 2025ರ ಮೇ ತಿಂಗಳಲ್ಲಿ ಇಬ್ಬರಿಗೂ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಪತ್ರಿಕೆಗಳ ಮುಖಪುಟಗಳೆಲ್ಲ ಅದೇ ಸುದ್ದಿ. ಆ ಹನ್ನೆರಡು ಕಥೆಗಳು ಕನ್ನಡದಲ್ಲಿ ಪ್ರಕಟವಾದದ್ದು 1990ರಿಂದ 2023ರವರೆಗಿನ ಅವಧಿಯಲ್ಲಿ. ಅಷ್ಟೂ ವರ್ಷ ತಪ್ಪದೆ ಪತ್ರಿಕೆ ಓದಿದ ನಾನು ಮೂಲ ಕಥೆಗಳನ್ನು ಹುಡುಕಿಕೊಂಡು ಹೊರಟದ್ದು ಲಂಡನ್ನಿನಿಂದ ಸುದ್ದಿ ಬಂದ ಮೇಲೆ! ತಪ್ಪು ನನ್ನದೂ ಹೌದು. ಆದರೆ ಭಾನುವಾರಕ್ಕೊಮ್ಮೆ ಎಚ್ಚರಿಸುವ ವಿಮರ್ಶಕರೊಬ್ಬರಿದ್ದಿದ್ದರೆ ಅಷ್ಟು ತಡವಾಗುತ್ತಿರಲಿಲ್ಲ.

ಪತ್ರಿಕಾಲಯಕ್ಕೂ ಸಾಹಿತ್ಯಕ್ಕೂ ನಡುವೆ ಗೋಡೆಯಿರುವುದು ನಮ್ಮ ಪದ್ಧತಿಯಲ್ಲ. 1932ರಲ್ಲಿ ಮಡಿಕೇರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಡಿ.ವಿ.ಜಿ. ಅವರೇ ಪತ್ರಕರ್ತರಾಗಿದ್ದವರು. ಆದ್ದರಿಂದ, ವಾರಕ್ಕೆ ಒಂದೇ ಪುಸ್ತಕವಾದರೂ ಸರಿ, ಸಂಬಳ ಕೊಟ್ಟು ನೇಮಿಸಿಕೊಂಡ ಒಬ್ಬರಿಂದ ಅರ್ಧ ಪುಟ ಬರೆಸಿ. ಲೇಖಕರೊಂದಿಗೆ ಅವರಿಗೆ ಸ್ನೇಹವೋ ನಂಟೋ ಇದ್ದರೆ ಅದನ್ನೂ ಕೆಳಗೆ ಅಚ್ಚುಮಾಡಿ. ವಿಮರ್ಶೆಗೆಂದು ನೀವು ಕೇಳುವ ಎರಡು ಪ್ರತಿಗಳಲ್ಲಿ ಒಂದು ಕಚೇರಿಯಲ್ಲೇ ಉಳಿಯುವುದಾದರೆ, ಅದನ್ನು ನಮ್ಮ ತಾಲ್ಲೂಕಿನ ಗ್ರಂಥಾಲಯಕ್ಕೆ ಕಳಿಸಿಕೊಡಿ. ಅಂಚೆ ವೆಚ್ಚವನ್ನು ನಾನು ಭರಿಸುತ್ತೇನೆ.

– ನಿವೃತ್ತ ಅಧ್ಯಾಪಕ, ಸೋಮವಾರಪೇಟೆ ತಾಲ್ಲೂಕು, ಕೊಡಗು