ಸುಮಾ ಕೈಯಲ್ಲಿ ಸಹಿ ಹಾಕಿಸಬೇಡ

ಸ್ಟಾಕ್‌ಹೋಮ್, ಭಾನುವಾರ

ಅಮ್ಮಾ,

ನಾವೆಲ್ಲ ಕ್ಷೇಮ. ಅಪ್ಪ ಬಿಪಿ ಮಾತ್ರೆ ಬಿಡದಂತೆ ನೋಡಿಕೋ.

ನಿನ್ನ ಕಾಗದದಲ್ಲಿ ಸುಮಾ ವಿಷಯ ಓದಿದಾಗಿನಿಂದ ನಿದ್ದೆ ಸರಿಯಾಗಿಲ್ಲ. ಅವಳು ರಾಜೀನಾಮೆ ಕೊಡುತ್ತಾಳಂತೆ, ಬೀಗರು ಒಪ್ಪಿದ್ದಾರಂತೆ, ನೀನೂ ಸರಿ ಅಂದೆಯಂತೆ! ಸಂಬಳ 38 ಸಾವಿರ, ಮಗು ನೋಡಿಕೊಳ್ಳುವವಳಿಗೆ 15, ಅಡುಗೆಯವರಿಗೆ 6, ಆಟೋಗೆ 4, ಉಳಿಯುವುದೇನು ಅಂತ ಬರೆದಿದ್ದೀಯ. ಅದನ್ನೆಲ್ಲ ಅವಳ ಸಂಬಳದಲ್ಲೇ ಯಾಕೆ ಕಳೆದೆ? ಮಗು ರವಿದೂ ಅಲ್ವಾ? ಆ ಅಡುಗೆ ಅವನೂ ಉಣ್ಣುತ್ತಾನೆ. ಅರ್ಧರ್ಧ ಹಾಕಿ ನೋಡು. ಮಗು ನೋಡಿಕೊಳ್ಳುವ ಆಯಾಳ ಖರ್ಚು ಮೂರು ನಾಲ್ಕು ವರ್ಷದ್ದು, ಇಂಕ್ರಿಮೆಂಟು ಪ್ರಮೋಷನ್ನು ಪಿಎಫ್ ಎಲ್ಲ ರಿಟೈರ್ ಆಗುವ ತನಕದ್ದು.

ನಾನು ಸುಮ್ನೆ ಹೇಳುತ್ತಿಲ್ಲ. ಕ್ಲಾಡಿಯಾ ಗೋಲ್ಡಿನ್ ಅಂತ ಹಾರ್ವರ್ಡ್ ಪ್ರೊಫೆಸರ್, ಇಂಥದ್ದನ್ನೇ ಲೆಕ್ಕ ಹಾಕಿ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಗೊಂಡರು. ಅವರು ನೋಡಿದ್ದು ಅಮೆರಿಕದ್ದು. ಅಲ್ಲೂ ಗಂಡಸರ ಹೆಂಗಸರ ಸಂಬಳದ ಅಂತರ ದೊಡ್ಡದಾಗುವುದು ಮೊದಲ ಮಗು ಬಂದ ಮೇಲೇ ಅಂತೆ. ಕರೆದ ಹೊತ್ತಿಗೆಲ್ಲ ಓಡಿ ಬರುವವರಿಗೆ ಆಫೀಸು ಜಾಸ್ತಿ ಕೊಡುತ್ತದೆ, ಮಗುವಿಗೆ ಜ್ವರ ಬಂದರೆ ಒಬ್ಬರು ಮನೆಯಲ್ಲಿ ಇರಲೇಬೇಕು. ಅದು ರವಿ ಆಗಬಹುದಾ ಅಂತ ಆ ಮನೆಯಲ್ಲಿ ಒಬ್ಬರಾದರೂ ಕೇಳಿದರಾ?

ಇಲ್ಲಿ ಸ್ವೀಡನ್ನಿನಲ್ಲಿ ಒಂದು ಮಗುವಿಗೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನ ರಜೆ, ಭತ್ಯೆ ಸಮೇತ. ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, ಅವನು ಹಾಕದಿದ್ದರೆ ಹೋಯಿತು. ನಮ್ಮ ಮ್ಯಾನೇಜರು, ಆರಡಿ ಮನುಷ್ಯ, ಆರು ತಿಂಗಳು ಮಗುವಿನ ಗಾಡಿ ತಳ್ಳಿಕೊಂಡು ಓಡಾಡಿದ. ಗಾಡಿಯಲ್ಲಿ ಮಗು ಇದ್ದರೆ ಬಸ್ಸಿಗೆ ಟಿಕೆಟ್ಟೂ ಇಲ್ಲ, ನಿಮ್ಮ ಶಕ್ತಿ ಬಸ್ಸಿನ ಹಾಗೆ, ಆದರೆ ಗಂಡಸರಿಗೂ! ಇಲ್ಲೂ ಜಾಸ್ತಿ ರಜೆ ಹಾಕುವವರು ಹೆಂಗಸರೇ, ಅದೂ ನಿಜ.

ಸುಮಾಗೆ 26 ವಾರ ರಜೆ ಇದೆ, ದೀಪಾವಳಿ ತನಕ ಅವಸರವಿಲ್ಲ. 50 ಜನ ಕೆಲಸ ಮಾಡುವ ಕಡೆ ಮಗು ಬಿಡಲು ಕ್ರೆಷ್ ಇರಬೇಕು ಅಂತ ಕಾನೂನೇ ಇದೆ, ಅವಳ ಬ್ರಾಂಚಿನಲ್ಲಿ ಒಂಬತ್ತೇ ಜನ, ಆದರೂ ಹೆಡ್ ಆಫೀಸಿನಲ್ಲಿ ಕೇಳಲಿ. ಆಯಾಳಿಗೆ ಕೊಡುವ ದುಡ್ಡಲ್ಲಿ 5 ಸಾವಿರ ನಾನು ಹಾಕುತ್ತೇನೆ. ಬೀಗರಿಗೆ ಹೇಳಬೇಡ. ನನಗೇನೂ ಕಷ್ಟವಿಲ್ಲ, ನಿಜವಾಗಿಯೂ ಇಲ್ಲ, ಊಟ ಚೆನ್ನಾಗಿದೆ, ಚಳಿಯೂ ಅಷ್ಟಿಲ್ಲ, ಸ್ವೆಟರ್ ಕಳಿಸಬೇಡ.

ನಾನು ಹುಟ್ಟಿದಾಗ ನೀನು ಹೊಲಿಗೆ ಮಿಷನ್ ಮಾರಿದೆಯಲ್ಲ, ಎಷ್ಟಕ್ಕೆ? ಯಾವತ್ತೂ ಹೇಳಲೇ ಇಲ್ಲ.

ಬಟ್ಟೆ ಒಗೆಯುವ ಸರದಿ ಬಂತು. ಇಡೀ ಬಿಲ್ಡಿಂಗಿಗೆ ಒಂದೇ ಕೋಣೆ, ತಡವಾದರೆ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಸುಮಾಗೆ ಇವತ್ತೇ ಫೋನ್ ಮಾಡು.

ನಿನ್ನ
ಪದ್ಮ